ಸುಣ್ಣದ ಹೊದಿಕೆ

ಮೊಖೆಥಿಗೆ ಮೊದಲು ಹಿಡಿಸದೆ ಹೋದದ್ದು ಬೂಟು.
ಆಮೇಲೆ ಸೊಂಟದ ಪಟ್ಟಿ.
ಮೊಳೆ ಕಾಯಿಸಿ ಹೊಸ ತೂತು ಕೊರೆದುಕೊಟ್ಟೆ, ಮೂರು ಸಲ.
'ನಿನ್ನ ಗಂಡನಿಗೆ ಎಷ್ಟನೇ ತಿಂಗಳೇ, ಮಾಲಿನೇಯೊ?'
ನಲ್ಲಿಯ ಹತ್ತಿರ ಹೆಂಗಸರು ನಕ್ಕರು. ನಾನೂ ನಕ್ಕೆ.
ತೋಳು ಮಾತ್ರ ಒಣಗಿದ ಮೆಕ್ಕೆಜೋಳದ ದಂಟು.
ಬಿಯರಿನ ಹೊಟ್ಟೆ ಅಂದ ಅವನಣ್ಣ.
ಅವನು ಕುಡಿತ ಬಿಟ್ಟು ನಾಲ್ಕು ಚಳಿಗಾಲ.

ಮೊಖೊಟ್ಲೊಂಗಿನ ಬೆಟ್ಟದಿಂದ ಬ್ಲೂಮ್‌ಫಾಂಟೇನಿಗೆ ಎರಡು ಹಗಲ ದಾರಿ.
ಡಾಕ್ಟರು ಹೊಟ್ಟೆ ಮುಟ್ಟಲಿಲ್ಲ, ಕತ್ತು ನೋಡುತ್ತ ಕೂತರು.
'ಉಸಿರೆಳೆದುಕೋ.'
ಎಳೆದಾಗ ಇಳಿಯಬೇಕಾದ ನರ
ಉಬ್ಬಿ ದವಡೆ ಮುಟ್ಟಿತು.
ನನಗೂ ಕೊಳವೆ ಕೊಟ್ಟು ಕೇಳಿಸಿದರು:
ಲಬ್, ಡಬ್, ಹಿಂದೆಯೇ ಒಂದು ಟಕ್.
ತುಂಬಿಕೊಳ್ಳಲು ಹೊರಟ ಗುಂಡಿಗೆ
ಗೋಡೆಗೆ ಹಾಯ್ದ ಸದ್ದು, ಅದು.

'ಹಿಂದೆ ಕ್ಷಯ ಆಗಿತ್ತಾ?'
ಆಗಿತ್ತು. ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರು ಕೆಳಗೆ.
ಆರು ತಿಂಗಳ ಮಾತ್ರೆ. ನಾಲ್ಕಕ್ಕೆ ಕೆಮ್ಮು ನಿಂತಿತು,
ಪಾಳಿ ನಿಲ್ಲಲಿಲ್ಲ.
ಉಳಿದವು ತಗಡಿನ ಡಬ್ಬಿಯಲ್ಲಿ ಇನ್ನೂ ಇವೆ,
ಕಿತ್ತುಹೋದ ಅಂಗಿಯ ಗುಂಡಿಗಳ ಜೊತೆ.

ಗುಂಡಿಗೆಗೂ ಒಂದು ಕಂಬಳಿಯಂತೆ, ತೆಳ್ಳನೆಯದು,
ಒಳಗೆ ನಾಲ್ಕು ಹನಿ ನೀರು, ಜಾರಲಿಕ್ಕೆ.
ರೋಗ ಅಲ್ಲಿಗಿಳಿದು, ನೀರು ಹೆಚ್ಚಿ, ಕೆಂಪಾಗಿ, ಬತ್ತಿ,
ಪದರಕ್ಕೆ ಪದರ ಅಂಟಿ
ಸುಣ್ಣ ಕಟ್ಟಿದೆ.
ಗುಂಡಿಗೆ ಚೆನ್ನಾಗಿದೆ ಅಂದರು. ಹೊದ್ದದ್ದು ಬಿಡುತ್ತಿಲ್ಲ.
ಒಳಗೆ ಜಾಗ ಸಿಗದ ರಕ್ತ ಬಾಗಿಲಲ್ಲಿ ಕಾದು ಕಾದು
ಪಿತ್ತಕೋಶದ ಪಕ್ಕ, ಹೊಟ್ಟೆಯಲ್ಲಿ, ಕಣಕಾಲಲ್ಲಿ
ಬಿಡಾರ ಹೂಡಿದೆ.

ಐದು ಗಂಟೆ ಸುಲಿದರು.
ಸ್ಟೀಲ್ ತಟ್ಟೆಯ ಚೂರುಗಳ ಗುರುತು ಹತ್ತಿತು ನನಗೆ:
ಕೆಟಲಿನ ತಳದಿಂದ ಚಮಚದಲ್ಲಿ ಕೆರೆಯುತ್ತೇನಲ್ಲ, ಅದೇ.
ಹಿಂದುಗಡೆಯದು ಹಾಗೇ ಬಿಟ್ಟೆವು ಅಂದರು,
ಕಿತ್ತರೆ ಗುಂಡಿಗೆಯೂ ಜೊತೆಗೆ ಬರುತ್ತಿತ್ತು.

ಗಣಿಯ ಕಚೇರಿಯ ಹುಡುಗ ಪರಿಹಾರದ ಅರ್ಜಿ
ತಿರುಗಿಸಿ ಮುರುಗಿಸಿ ನೋಡಿದ. ಒಳ್ಳೆಯ ಹುಡುಗ.
'ಶ್ವಾಸಕೋಶಕ್ಕೆ ಕಾಲಂ ಇದೆ ಅಮ್ಮ. ಇದಕ್ಕಿಲ್ಲ.'

ಈಗ ಬೂಟು ಸಡಿಲ.
ಇಳಿಜಾರಿನಲ್ಲಿ ಕಂಬಳಿ ಹೊದ್ದು ಕುರಿ ಎಣಿಸುತ್ತಾನೆ,
ನಿಲ್ಲುತ್ತಾನೆ, ಮೊದಲಿಂದ ಎಣಿಸುತ್ತಾನೆ.
ಪಿನ್ನು ಹಾಕಿಕೊಳ್ಳುವುದಿಲ್ಲ, ಎದೆಯ ಹತ್ತಿರ ಬಿಟ್ಟೇ ಇರುತ್ತದೆ,
ಹಿಮ ಬಿದ್ದರೂ.
ರಾತ್ರಿ ಅಲ್ಲಿ ಕಿವಿಯಿಟ್ಟು ಮಲಗುತ್ತೇನೆ.
ಮೂರನೆಯ ಸದ್ದು ಕೇಳಿಸಿದ ದಿನ
ತಗಡಿನ ಮಾಡು ಇರಬೇಕು, ಗಾಳಿಗೆ,
ಅಂದುಕೊಳ್ಳುತ್ತೇನೆ.