ಎಣಿಸುವವಳು

ದೋಣಿಯಲ್ಲಿ ನನ್ನ ಕೆಲಸ ಎಣಿಸುವುದು.
ದೂಮಣ್ಣ ತಿಂಗಳಾಯ, ನನ್ನ ಗಂಡ
(ಗಂಡನ ಹೆಸರು ಹೇಳಬಾರದಂತೆ;
ಕಡಲ ಮೇಲೆ ಕೂಗುವುದಕ್ಕೆ ಹೆಸರೇ ಬೇಕು),
ಸೊಂಟಕ್ಕೆ ಬಲೆಚೀಲ, ಕೈಯಲ್ಲಿ ಉಳಿ,
ಮಲ್ಪೆಯಾಚೆ ಕಪ್ಪುಬಂಡೆಯ ಬುಡಕ್ಕೆ ಮುಳುಗಿದರೆ
ಶುರುಮಾಡುತ್ತಿದ್ದೆ: ಒಂಜಿ, ರಡ್ಡ್, ಮೂಜಿ.
ತುಳುವಿನಲ್ಲೇ. ಶಾಲೆಯಲ್ಲಿ ಕಲಿತ ಎಣಿಕೆಗೆ ಅವಸರ ಜಾಸ್ತಿ,
ಉಸಿರಿಗೆ ಹೊಂದುವುದಿಲ್ಲ.

ಅರುವತ್ತಕ್ಕೆ ತಲೆ ಕಾಣಬೇಕು.
ಎಪ್ಪತ್ತಾದರೆ ಹುಟ್ಟಿನಿಂದ ದೋಣಿಯ ಬದಿಗೆ ಬಡಿಯುತ್ತಿದ್ದೆ,
ನೀರೊಳಗೆ ಕೇಳುತ್ತದೆಂದು.
ಒಮ್ಮೆ ತೊಂಬತ್ತೊಂದು.
ಬಸ್ಸಿನ ಟಿಕೇಟಿನಲ್ಲಿ ಆ ಸಂಖ್ಯೆ ಕಂಡರೆ
ಈಗಲೂ ಮಡಚಿ ಎಸೆಯುತ್ತೇನೆ.

ಮೇಲೆ ಬಂದಾಗ ಕಣ್ಣು ಕೆಂಡ, ಕಿವಿಯಲ್ಲಿ ರಕ್ತದ ಗೆರೆ,
ಚೀಲದ ತುಂಬ ಹಸಿರಂಚಿನ ಪಚ್ಚಿಲೆ,
ಗಡ್ಡಕ್ಕೆ ಇನ್ನೂ ಬಂಡೆಯ ಚೂರು ಅಂಟಿಕೊಂಡು.

ಮುತ್ತು ಸಿಗುತ್ತದಾ, ಕೇಳುತ್ತಾರೆ ದ್ವೀಪ ನೋಡಲು ಬಂದವರು.
ಒಮ್ಮೆ ಪುಂಡಿ ಉಣ್ಣುವಾಗ ಕಟಕ್ಕೆಂದಿತು.
ಉಗಿದು ನೋಡಿದರೆ ನುಚ್ಚಿನಷ್ಟು ಬಿಳಿ.
ಮುತ್ತೋ, ಇವರ ಹಲ್ಲಿನ ಚೂರೋ,
ಇಪ್ಪತ್ತೆರಡು ವರ್ಷವಾಯಿತು, ವಾದ ಮುಗಿದಿಲ್ಲ.

ಮೊದಲು ಬಂದದ್ದು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಪ್ಲಾಸ್ಟಿಕ್ ಕನ್ನಡಕ.
ಎಲ್ಲರಿಗೂ ಕಾಣತೊಡಗಿತು. ಕಂಡದ್ದನ್ನೆಲ್ಲ ಕಿತ್ತರು.
ಆಮೇಲೆ ಬೆನ್ನಿಗೆ ಗಾಳಿ ಕಟ್ಟಿಕೊಂಡವರು,
ಅವರಿಗೆ ಎಣಿಸುವವರೇ ಬೇಡ.
ನಾಲ್ಕು ಮಳೆಗಾಲದಲ್ಲಿ ಬಂಡೆ
ಬೋಳಿಸಿದ ಕೆನ್ನೆ.

ಈಗ ಕೋಡಿಬೆಂಗ್ರೆಯ ಹಿನ್ನೀರು, ಎದೆಮಟ್ಟ.
ಕಂಬ, ಅಡ್ಡಬಿದಿರು, ಇಳಿಬಿಟ್ಟ ನೈಲಾನ್ ಹಗ್ಗ.
ಬೀಜದ ಪಚ್ಚಿಲೆಯನ್ನು ಹಳೇ ಸೊಳ್ಳೆಪರದೆಯಲ್ಲಿ ಸುತ್ತಿ ಹೊಲಿಯುತ್ತೇನೆ.
ಬಟ್ಟೆ ಕೊಳೆಯುವುದರೊಳಗೆ ಅವು ಹಗ್ಗ ಹಿಡಿದಿರಬೇಕು,
ಹಿಡಿಯದವು ಕೆಸರಿಗೆ.
ಯಾರೂ ಮುಳುಗುವುದಿಲ್ಲ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು
ಸಂಘದ ಹೆಂಗಸರು ನಡೆದೇ ಹೋಗುತ್ತೇವೆ,
ಸೀರಿಯಲ್ಲಿನ ಕತೆ ಹೇಳಿಕೊಳ್ಳುತ್ತ.
ಮಳೆ ಬೇಗ ಬಂದರೆ ಮಾತ್ರ ಹೊಳೆ ಸಪ್ಪೆಯಾಗಿ
ಒಂದೇ ರಾತ್ರಿಗೆ ಅಷ್ಟೂ ಬಾಯಿ ಬಿಡುತ್ತವೆ.
ಆಗ ಸತ್ತವನ್ನು ಎಣಿಸುತ್ತೇನೆ, ಹಗ್ಗಕ್ಕಿಷ್ಟೆಂದು,
ಬ್ಯಾಂಕಿಗೆ ತೋರಿಸಲು, ಕನ್ನಡದಲ್ಲಿ.

ಇವರು ದಡದಲ್ಲಿ ಕೂತು ಚಿಪ್ಪು ಬಿಡಿಸುತ್ತಾರೆ.
ಎಡಗಿವಿ ಕೇಳಿಸದು. ಹೇಳಿದ್ದಕ್ಕೆಲ್ಲ ಹೂಂ.

ರಾತ್ರಿ, ಗೊರಕೆಯ ನಡುವೆ
ಫಕ್ಕನೆ ಉಸಿರು ನಿಲ್ಲುತ್ತದೆ.
ಕೋಣೆ ಹಸಿರಾಗುತ್ತದೆ.
ಎದ್ದು ಕೂರುತ್ತೇನೆ.
ಒಂಜಿ, ರಡ್ಡ್, ಮೂಜಿ,
ಮಂಚದ ಬದಿಗೆ ಬಡಿಯಲು
ಕೈ ಎತ್ತಿ ಹಿಡಿದು.