ನಾಲ್ಕೂವರೆ ಇಂಚು

ಭೂಪಟ ತೂಗುಹಾಕಲು ಮೊಳೆ ಹೊಡೆದೆ.
ಗಾರೆ ಉದುರಿದ್ದು ಪಕ್ಕದ ಮನೆಯಲ್ಲಿ,
ಚಮನ್‌ಸಾಬರು ಆಗಷ್ಟೇ ಸೋಸಿಟ್ಟ ಚಹಾದೊಳಗೆ.

ಐದು ನಿಮಿಷಕ್ಕೆ ಬಾಗಿಲಲ್ಲಿ ಅವರ ಹೆಂಡತಿ ಖೈರುನ್ನೀಸಾ,
ಕೈಯಲ್ಲಿ ಲೋಟ, ಲೋಟದಲ್ಲಿ ಸುಣ್ಣದ ಚೂರು, ಸಾಕ್ಷಿ.
"ಎಷ್ಟು ಇಂಚಿಂದು ಹೊಡದ್ರಿ ಮೇಷ್ಟ್ರೇ?"
"ಐದು" ಅಂದೆ.
"ಗೋಡಿ ಇರಾದೇ ನಾಲ್ಕೂವರಿ."

ಮೂವತ್ತೊಂದು ವರ್ಷ ಕೇಳಿದ್ದೇನೆ ಮಕ್ಕಳನ್ನು:
ನಮ್ಮ ನೆರೆಯ ರಾಷ್ಟ್ರಗಳನ್ನು ಹೆಸರಿಸಿ. ಎರಡು ಅಂಕ.
ಹೆಸರಿಸಿದರೆ ಸಾಕು.
ಅಲ್ಲಿ ಯಾರಿಗೆ ದಮ್ಮು, ಯಾವ ಕೂಸು ರಾತ್ರಿಯೆಲ್ಲಾ ಅಳುತ್ತದೆ,
ಅದು ಸಿಲಬಸ್ಸಿನಲ್ಲಿಲ್ಲ.

ಒಮ್ಮೆ ಹಿಂದಿನ ಬೆಂಚಿನ ಸೋಮ್ಲೀಬಾಯಿ ಎದ್ದು,
"ಸಾರ್, ನೆರೆಯವರು ಸರಿಬರಲಿಲ್ಲ ಅಂದ್ರೆ
ದೇಶ ಮನೆ ಬದಲಿಸ್ತದಾ?"
ಕ್ಲಾಸು ನಕ್ಕಿತು. ನಾನೂ ನಕ್ಕೆ, ಚಾಕ್‌ಪೀಸು ಮುರಿಯಿತು.
ಆಮೇಲೆ ಎಷ್ಟೋ ರಾತ್ರಿ ಕಂಡಿದ್ದೇನೆ:
ಲಗೇಜ್ ಆಟೋದಲ್ಲಿ ಹಿಮಾಲಯ ಹೇರಿ ಹಗ್ಗ ಬಿಗಿದು
ಮೂರು ಕಡಲನ್ನು ಕೊಡಗಳಲ್ಲಿ ತುಂಬಿಕೊಂಡು
ದೇಶವೊಂದು ಬಾಡಿಗೆ ಮನೆ ಹುಡುಕುತ್ತಾ
ಪಿ.ಬಿ. ರಸ್ತೆಯುದ್ದಕ್ಕೂ ಹೋಗುವುದನ್ನು.
ಪ್ರತಿ ಬಾಗಿಲಲ್ಲೂ ಅದೇ ಪ್ರಶ್ನೆ:
"ಎಷ್ಟು ಜನ ಇದೀರಿ?"

ನೆರೆ. ನಿಘಂಟು ತೆಗೆದರೆ
ಪಕ್ಕದ ಮನೆಯೂ ಅದೇ,
ಹರಿಹರದಲ್ಲಿ ಹೊಳೆ ಉಕ್ಕಿ ಮೆಟ್ಟಿಲು ಹತ್ತುವುದೂ ಅದೇ,
ನನ್ನ ತಲೆಯ ಮೇಲೆ ಬೆಳ್ಳಗೆ ಕೂತಿರುವುದೂ ಅದೇ.
ಮೂರರಲ್ಲಿ ಒಂದೂ ನಮ್ಮನ್ನು ಕೇಳಿ ಬರುವುದಿಲ್ಲ.

ಈ ಗೋಡೆ ಎಬ್ಬಿಸಿದ್ದು ನಮ್ಮಿಬ್ಬರ ಅಪ್ಪಂದಿರು.
ಒಂದೇ ಮಿಲ್ಲು, ಒಂದೇ ಪಾಳಿ, ಒಂದೇ ದೀಪಾವಳಿ ಬೋನಸ್ಸು,
ಇಟ್ಟಿಗೆಗೆ ಅರ್ಧರ್ಧ ದುಡ್ಡು.
ಒಂದೇ ಬೀಡಿ ಸೇದುತ್ತಾ ಬೇರೆಯಾದರು.
ಮಿಲ್ಲು ಮುಚ್ಚಿತು. ಅವರು ಹಿತ್ತಿಲಲ್ಲಿ ಮಂಡಕ್ಕಿ ಭಟ್ಟಿ ಹಾಕಿದರು.
ಹೊಗೆ ಗೋಡೆಯನ್ನು ಲೆಕ್ಕಕ್ಕಿಡುವುದಿಲ್ಲ,
ನನ್ನ ಬಿಳಿ ಅಂಗಿಗಳೆಲ್ಲಾ ಹದಿನೈದು ವರ್ಷದಿಂದ ಬೂದಿ ಬಣ್ಣ.
ಜಗಳಾಡಿದ್ದೇನೆ. ಪಾಲಿಕೆಗೆ ಅರ್ಜಿ ಬರೆದಿದ್ದೇನೆ.
ಅರ್ಜಿ ಬರೆದ ಸಂಜೆಯೂ ಬಂತು ಒಂದು ಸೇರು ಬಿಸಿ ಮಂಡಕ್ಕಿ.
ತಿಂದೆ, ಖಾರ ಕಲಸಿಕೊಂಡು.

ಮೊನ್ನೆ ಬೇಸಿಗೆಯಲ್ಲಿ ಟಿವಿ ತುಂಬಾ ಯುದ್ಧ.
ನಮ್ಮದು ಕೇಬಲ್ಲು, ಅವರದು ಡಿಶ್ಶು.
ನಮ್ಮಲ್ಲಿ ಬಿದ್ದ ಬಾಂಬು
ಎರಡು ಸೆಕೆಂಡು ತಡವಾಗಿ ಅವರಲ್ಲಿ ಬೀಳುತ್ತಿತ್ತು.
ಒಬ್ಬನೇ ನಿರೂಪಕ ಎರಡೆರಡು ಸಲ ಕಿರುಚುತ್ತಿದ್ದ.
ನಾನು ದನಿ ತಗ್ಗಿಸಿದೆ. ಅವರೂ ತಗ್ಗಿಸಿದರು.
ನಾನು ಯಾಕೆ, ಅವರು ಯಾಕೆ,
ಇವತ್ತಿನವರೆಗೂ ಮಾತಾಡಿಲ್ಲ.
ಉಳಿದದ್ದು ಜರಡಿಯ ಸದ್ದು,
ಮರಳಿನಿಂದ ಮಂಡಕ್ಕಿ ಬೇರೆಯಾಗುವ ಸದ್ದು.

ಮೊಳೆ ಕಿತ್ತೆ. ತೂತು ಆರಪಾರ.
ಚೌಕಿಪೇಟೆಯಿಂದ ಒಂದಿಂಚಿನದು ತಂದು
ಗೇಣು ಮೇಲಕ್ಕೆ ಹೊಡೆದೆ. ಪಟ ತುಸು ವಾಲಿದೆ.
ತೂತು ಮುಚ್ಚಲು ಸಿಮೆಂಟು ಕಲಸಿದ್ದೆ, ಅವರೂ ಕಲಸಿದ್ದರಂತೆ.
ಅವರು ಮುಚ್ಚಲಿ ಅಂತ ನಾನು, ನಾನು ಮುಚ್ಚಲಿ ಅಂತ ಅವರು,
ಎರಡೂ ಕಡೆ ಬಾಂಡ್ಲಿಯಲ್ಲೇ ಕಲ್ಲಾಯಿತು.

ಈಗ ರಾತ್ರಿ ಅವರ ಭಟ್ಟಿ ಹೊತ್ತಿಕೊಂಡಾಗ
ಪಟದ ಹಿಂದಿನಿಂದ ಬೆಳಕಿನ ಒಂದು ಕಾಳು
ಕಾಗದ ತೂರಿ ಕಾಣುತ್ತದೆ.
ಯಾವ ದೇಶದಲ್ಲಿ ಅಂತ
ಹಾಸಿಗೆಯಿಂದೆದ್ದು ನೋಡಿಲ್ಲ.