ಐದನೇ ಕತ್ತಿ

ಬಿವಿಕೆ ಅಯ್ಯಂಗಾರ್ ರಸ್ತೆ, ಭಾನುವಾರ. ಟಾರ್ಪಾಲಿನ ಮೇಲೆ
ಕೆಟ್ಟ ನಲ್ಲಿ, ಒಂಟಿ ಸ್ಪೀಕರುಗಳ ನಡುವೆ
ಐದು ಕ್ಷೌರದ ಕತ್ತಿ.
ಕುಕ್ಕರಗಾಲಲ್ಲಿ ಕೂತ ಕದಿರಪ್ಪ
ಕನ್ನಡಕ ತೆಗೆದು ಜೇಬಿಗಿಟ್ಟ; ಹೆಬ್ಬೆರಳು ಸಾಕು.

'ಬಾಲ ಮೋಟು, ಅಲಗು ಬೆಣೆಯ ಹಾಗೆ ದಪ್ಪ:
ಕಬ್ಬನ್ ಪಾರ್ಕಲ್ಲಿ ನಿಂತಿದಾಳಲ್ಲ ರಾಣಿ,
ಅವಳು ಹುಟ್ಟೋಕೆ ಮುಂಚಿಂದು.
ಇದರ ಹೊಟ್ಟೆ ಒಳಕ್ಕೆ ಹೋಗಿದೆ ನೋಡಿ,
ಉಗುರಲ್ಲಿ ಮೀಟಿದರೆ ಹಾಡತ್ತೆ. ಆಮೇಲಿನ ಸಾಣೆ.
ಇಂಗ್ಲೆಂಡ್ ಅಂತ ಕೊರೆದಿದ್ದರೆ ಇನ್ನೂ ಈಚೆಗೆ;
ಮೊದಲು ಹೇಳೋ ದರ್ದಿರಲಿಲ್ಲ ಅವರಿಗೆ.'
ದಂತವೆಂದು ಮಾರುವವನು ಆಣೆಯಿಟ್ಟ ಹಿಡಿಯನ್ನು
ಪಂಚೆಗೆ ಉಜ್ಜಿ ಮೂಸಿದ. ಕರ್ಪೂರ.
'ಸೆಲ್ಯುಲಾಯ್ಡು. ಆನೆ ಬದುಕ್ಕೊಂಡಿತು.'

ಐದನೆಯದಕ್ಕೆ ಮುದ್ರೆ ಸವೆದಿತ್ತು.
ಹಿಡಿಯ ಮೊಳೆ ಸೈಕಲ್ ಕಡ್ಡಿಯದು,
ಬೆನ್ನು ಒಂದೇ ಮಗ್ಗುಲಿಗೆ ತೆಳುವು.
ಅದಕ್ಕೆ ವರ್ಷ ಹೇಳಲಿಲ್ಲ.
ಎಡಗೈಗೆ ಬದಲಾಯಿಸಿಕೊಂಡು
ಗಾಳಿಯಲ್ಲಿ ಯಾರದೋ ಗದ್ದ ಹಿಡಿದು, ಎತ್ತಿ,
ಕೆಳಗಿಂದ ಮೇಲಕ್ಕೆ ಒಮ್ಮೆ ಎಳೆದ.

'ಎಡಚ. ಕಲ್ಲು ಒಂದೇ ಇತ್ತು ಅವನ ಹತ್ತಿರ' ಅಂದ.
'ಮುನ್ನೂರು' ಅಂದ ಮಾರುವವನು.
ಮಡಿಸಿ, ಬಾಯಿ ತನ್ನ ಕಡೆಗಿರುವಂತೆ,
ಕೆಳಗಿಟ್ಟ.